ಗದ್ವಾಲದಲ್ಲಿ ಇಟ್ಟ ಎರಡನೆಯ ಬಾಟಲಿ

ಆ ಎರಡನೆಯ ಬಾಟಲಿ ನಮಗೆ ಎಷ್ಟಕ್ಕೆ ಬಿತ್ತೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಂಗಿಯ ಮಗ ರಿಂಗಿನಲ್ಲಿ ಗೆದ್ದು ಸೊಂಟಕ್ಕೆ ಕಟ್ಟಿಕೊಂಡಿದ್ದ ಬೆಲ್ಟು ಹೋಯಿತು. ಕೈಯಲ್ಲಿ ಕಸುವಿರುವ ವಯಸ್ಸಿನ ಒಂದು ಇಡೀ ವರ್ಷ ಗ್ಲೌಸು ಹಾಕದೆ ಹೋಯಿತು. ಕಾರಣ ಕೇಳಿದರೆ ನಗುತ್ತೀರಿ. ಸೀರೆ ವ್ಯಾಪಾರದಲ್ಲಿ ಪಳಗಿದ ಇಬ್ಬರು, ನಾರಾಯಣಪೇಟೆಯ ನಾನು ಮತ್ತು ಗದ್ವಾಲದ ಒಬ್ಬ ರೇಷ್ಮೆ ಸಾಹುಕಾರರು, ಬಾಕ್ಸರುಗಳ ಮೂತ್ರವನ್ನೂ ರೇಷ್ಮೆಯಂತೆಯೇ ಚೌಕಾಸಿ ಮಾಡಿ ಹಂಚಿಕೊಂಡೆವು.

ನಮ್ಮ ವ್ಯಾಪಾರದ ಆ ಪದ್ಧತಿ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ರೇಷ್ಮೆಯದೋ ಜರಿಯದೋ ದೊಡ್ಡ ಮಾಲು ಕುದುರಿದಾಗ ಅದರಲ್ಲಿ ಒಂದು ಲಡಿ ನೂಲು ತೆಗೆದು ಎರಡಾಗಿ ಕತ್ತರಿಸುತ್ತೇವೆ. ಒಂದು ಭಾಗಕ್ಕೆ ಮಾರುವವನು ಅರಗಿನ ಮುದ್ರೆ ಒತ್ತಿ ಕೊಳ್ಳುವವನ ಕೈಗೆ ಕೊಡುತ್ತಾನೆ. ಇನ್ನೊಂದಕ್ಕೆ ಕೊಳ್ಳುವವನು ಮುದ್ರೆ ಒತ್ತಿ ಮಾರುವವನ ಕೈಗೆ ಕೊಡುತ್ತಾನೆ. ಮುಂದೆ ಮಾಲು ಬಂದಾಗ ‘ನಾನು ನೋಡಿದ ರೇಷ್ಮೆ ಇದಲ್ಲ’ ಎಂದು ತಕರಾರು ಬಿದ್ದರೆ, ಎರಡೂ ತುಂಡು ತಂದು ಪಕ್ಕಪಕ್ಕ ಇಟ್ಟು, ಒಂದೊಂದು ಎಳೆ ಸುಟ್ಟು ಮೂಸಿ ನೋಡಿದರೆ ಮುಗಿಯಿತು. ನಮೂನೆ ಎದುರಿನವನ ಮನೆಯಲ್ಲಿರಬೇಕು, ಮುದ್ರೆ ನಮ್ಮದಿರಬೇಕು. ಹೀಗೆ ಕೇಳುವುದರಲ್ಲಿ ಯಾರಿಗೂ ಅವಮಾನವಿಲ್ಲ. ಕೇಳದವನನ್ನೇ ಹೊಸಬ ಎಂದು ತಿಳಿಯುತ್ತಾರೆ. ತಲೆಯ ಮೇಲೆ ಗಂಟು ಹೊತ್ತು ರಾಯಚೂರಿನ ಓಣಿಗಳಲ್ಲಿ ಸೀರೆ ಮಾರುತ್ತಿದ್ದ ದಿನಗಳಿಂದ ಸ್ವಂತ ಅಂಗಡಿಯ ಗಾದಿಯ ಮೇಲೆ ಕೂತ ದಿನಗಳವರೆಗೆ ಈ ಪದ್ಧತಿ ನನಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಹುಡುಗ ಬೆಳೆದದ್ದು ಮಕ್ತಲ್‌ನಲ್ಲಿ, ನನ್ನ ತಂಗಿಯ ಮನೆಯಲ್ಲಿ. ಹೈದರಾಬಾದಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ಬಾಕ್ಸಿಂಗ್ ಕಲಿತ. ಆಮೇಲೆ ಹಣಕ್ಕೆ ಆಡುವ ವೃತ್ತಿಪರರ ಲೈಸೆನ್ಸು ತೆಗೆದುಕೊಂಡು ಊರಿಗೆ ಬಂದ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಗೋಣಿಚೀಲದೊಳಗೆ ಮಗ್ಗದ ಕಸನೂಲು ತುರುಕಿ ತೂಗುಹಾಕಿ ಅದನ್ನೇ ಗುದ್ದುತ್ತಿದ್ದ. ಆ ನೂಲು ನನ್ನ ನೇಕಾರರ ಮನೆಗಳದು; ಬಸ್ಸಿನ ಮೇಲೆ ಹಾಕಿ ನಾನೇ ಕಳಿಸುತ್ತಿದ್ದೆ. ತಂಗಿಯ ಗಂಡನದು ಮಾತು ಕಮ್ಮಿ. ಹಾಗಾಗಿ ಹುಡುಗನ ಪರವಾಗಿ ಯಾರ ಜೊತೆ ಯಾವ ಕರಾರು ಮಾಡಬೇಕಾದರೂ ನನ್ನನ್ನೇ ಮುಂದೆ ಮಾಡುತ್ತಿದ್ದರು.

ಅವನ ಎದುರಾಳಿ ಗದ್ವಾಲದವನು, ನಾನು ಮೊದಲು ಹೇಳಿದ ರೇಷ್ಮೆ ಸಾಹುಕಾರರ ಅಕ್ಕನ ಮಗ. ಇಬ್ಬರೂ ಒಂದೇ ತೂಕದ ವರ್ಗದವರು. ಹಿಂದೆ ಎರಡು ಸಲ ಎದುರಾಗಿದ್ದರು. ಒಮ್ಮೆ ಇವನು ಗೆದ್ದಿದ್ದ, ಒಮ್ಮೆ ಅವನು.

ತೆಲಂಗಾಣ ಆಗಷ್ಟೇ ಆಗಿತ್ತು. ನಾವಿನ್ನೂ ಪಾಲಮೂರು ಜಿಲ್ಲೆಯವರೇ. ಗಾಡಿಗಳ ನಂಬರು, ಕಚೇರಿಗಳ ಬೋರ್ಡು, ನೌಕರರ ವರ್ಗಾವಣೆ, ಎಲ್ಲವೂ ಎರಡು ಭಾಗವಾಗುತ್ತಿದ್ದ ಕಾಲ. ಬಾಕ್ಸಿಂಗಿನವರೂ ಎರಡಾದರು. ಹೊಸ ರಾಜ್ಯದ ಲೆಕ್ಕಕ್ಕೆ ಹೈದರಾಬಾದಿನಲ್ಲಿ ಒಂದು ಸಮಿತಿ ಹುಟ್ಟಿಕೊಂಡಿತು. ಸಮಿತಿ ಎಂದರೆ ಒಂದು ಜಿಮ್ಮಿನ ಮಹಡಿಯ ಕೋಣೆ, ಕೆಲವು ಕುರ್ಚಿ, ಒಂದು ಫೋನು. ಹೊಸ ರಾಜ್ಯದ ಮೊದಲ ಬೆಲ್ಟಿಗೆ ಈ ಇಬ್ಬರನ್ನೇ ಆಡಿಸುವುದೆಂದು ಅವರು ಗೊತ್ತುಮಾಡಿದರು. ಗೆದ್ದವನಿಗೆ ಬೇರೆ ರಾಜ್ಯದ ದೊಡ್ಡ ಪಂದ್ಯಗಳ ಕರೆ ಬರುವುದು ಖಾತ್ರಿ. ಸೋತವನು ಮತ್ತೆ ಜಾತ್ರೆ ಬಯಲುಗಳಲ್ಲಿ ಗುದ್ದಾಡಬೇಕು. ನಮ್ಮ ಹುಡುಗ ಆ ಬೆಲ್ಟಿನ ಮೇಲೆ ಇಡೀ ಜೀವನ ಕಟ್ಟಿಕೊಂಡಿದ್ದ.

ಜಗಳ ಹತ್ತಿದ್ದು ಪಂದ್ಯಕ್ಕೆ ಇನ್ನೂ ತಿಂಗಳಿರುವಾಗ. ಗದ್ವಾಲದ ಹುಡುಗ ಅಲ್ಲಿನ ಕೇಬಲ್ ಟಿವಿಯವರ ಮುಂದೆ ಕೂತು, ಮಕ್ತಲ್‌ನವನ ಭುಜ ಆರು ತಿಂಗಳಲ್ಲಿ ಹೀಗೆ ಉಬ್ಬಿದ್ದು ಜೋಳದ ರೊಟ್ಟಿ ತಿಂದಲ್ಲ, ಸೂಜಿ ಚುಚ್ಚಿಸಿಕೊಂಡು ಎಂದುಬಿಟ್ಟ. ಅದು ಎಲ್ಲರ ಫೋನುಗಳಲ್ಲೂ ಓಡಾಡಿತು. ನಮ್ಮವನೇನು ಕಡಿಮೆ. ಅವನೂ ತನ್ನದೊಂದು ವಿಡಿಯೋ ಮಾಡಿ, ನಮ್ಮ ಮನೆಗೆ ಊಟಕ್ಕೆ ಬಾ, ನಮ್ಮವ್ವನ ರೊಟ್ಟಿ ತಿಂದು ನೋಡು, ಆಮೇಲೆ ನಿನ್ನ ಅಂಗಿಯೂ ನಿನಗೆ ಹಿಡಿಯುವುದಿಲ್ಲ ಎಂದ. ಮಕ್ತಲ್‌ನ ಹೋಟೆಲುಗಳಲ್ಲಿ ನಕ್ಕದ್ದೇ ನಕ್ಕದ್ದು. ಆದರೆ ಗದ್ವಾಲದವರು ಪಟ್ಟು ಬಿಡಲಿಲ್ಲ: ಪರೀಕ್ಷೆ ಇಲ್ಲದಿದ್ದರೆ ಪಂದ್ಯವಿಲ್ಲ.

ಸಮಿತಿಯ ಅಧ್ಯಕ್ಷರಿಗೆ ಫೋನು ಮಾಡಿದೆ. ಅವರು ಹಳೆಯ ಬಾಕ್ಸರು. ನಮ್ಮದಿನ್ನೂ ಹೊಸ ಸಮಿತಿ, ನಿಯಮ ಬರೆಯುವುದೇ ಮುಗಿದಿಲ್ಲ, ಎರಡೂ ಕಡೆಯವರು ಕೂತು ಒಪ್ಪಂದ ಮಾಡಿಕೊಳ್ಳಿ, ನಾವು ಅದನ್ನೇ ನಡೆಸಿಕೊಡುತ್ತೇವೆ ಎಂದರು. ಈ ಮಾತು ಕೇಳಿ ನನಗೆ ಹಬ್ಬವಾಯಿತು. ಕೂತು ಒಪ್ಪಂದ ಮಾಡಿಕೊಳ್ಳುವುದೇ ನನ್ನ ಕಸುಬು.

ಹೊರಡುವ ಮುಂಚೆ ಹುಡುಗನನ್ನು ದೇವರ ಜಗುಲಿಯ ಮುಂದೆ ನಿಲ್ಲಿಸಿ ಕೇಳಿದೆ. ಅವನು ವಿಭೂತಿ ಗಟ್ಟಿ ಮುಟ್ಟಿ, ಶಕ್ತಿಗೆಂದು ಒಂದು ಸೂಜಿ, ಒಂದು ಪುಡಿ, ಒಂದು ಗುಳಿಗೆಯನ್ನೂ ಮುಟ್ಟಿಲ್ಲ ಎಂದು ಆಣೆ ಮಾಡಿದ. ಅದು ನಿಜವೇ ಆಗಿತ್ತು.

ಜೂರಾಲ ಡ್ಯಾಮಿನ ಮೇಲೆ ಹಾದು ಗದ್ವಾಲಕ್ಕೆ ಹೋದೆ. ಸಾಹುಕಾರರು ಮಗ್ಗದ ಕೋಣೆಯ ಪಕ್ಕದ ಪಡಸಾಲೆಯಲ್ಲಿ ಜಮಖಾನ ಹಾಸಿ ಕೂರಿಸಿದರು. ವರ್ಷಗಟ್ಟಲೆ ನನಗೆ ರೇಷ್ಮೆ ಅಂಚಿನ ಸೀರೆ ಕೊಟ್ಟವರು. ನನ್ನನ್ನು ‘ಅಕ್ಕಾರ’ ಎನ್ನುತ್ತಾರೆ, ಬೆಲೆಯ ಮಾತು ಬಂದಾಗ ಮಾತ್ರ ಸಂಬಂಧ ಮರೆಯುತ್ತಾರೆ. ಅವರು ಮೊದಲು ಇಟ್ಟ ಬೇಡಿಕೆ ದೊಡ್ಡದು: ರಕ್ತ, ಮೂತ್ರ ಎರಡೂ, ಯಾವ ದಿನ ಬೇಕಾದರೂ ಹೇಳದೆ ಕೇಳದೆ ಬಂದು ತೆಗೆಯುವುದು, ಇಬ್ಬರಿಂದಲೂ. ಮೊದಲ ಬೆಲೆಗೇ ಒಪ್ಪಿದವಳು ನಾನಲ್ಲ. ರಕ್ತ ಬೇಡ ಎಂದೆ. ಹೇಳದೆ ಬರುವುದೂ ಬೇಡ, ಮನೆಯಲ್ಲಿ ಹೆಂಗಸರಿರುತ್ತಾರೆ ಎಂದೆ. ಅವರು ಮೂರು ಸಲ ಎಂದರು, ನಾನು ಒಂದೇ ಎಂದೆ. ಚಹಾ ಎರಡು ಸುತ್ತು ಬಂತು. ಕೊನೆಗೆ ಪಂದ್ಯದ ಹಿಂದಿನ ದಿನ ತೂಕ ಹಾಕಿದ ಮೇಲೆ ಒಂದೇ ಸಲ, ಮೂತ್ರ ಮಾತ್ರ ಎಂಬಲ್ಲಿಗೆ ಇಳಿಸಿದೆ. ದೊಡ್ಡ ಲಾಭ ಮಾಡಿದೆನೆಂದುಕೊಂಡೆ. ಅವರು ಕೇಳಿದಂತೆ ಹೇಳದೆ ಬಂದು ತಿಂಗಳಿಡೀ ಪರೀಕ್ಷೆ ಮಾಡಿದ್ದರೆ, ಏನು ತಿನ್ನಬಾರದೆಂಬುದನ್ನು ಲ್ಯಾಬಿನವರೇ ಹುಡುಗನಿಗೆ ತಿಳಿಹೇಳುತ್ತಿದ್ದರು.

ಎರಡು ಬಾಟಲಿಯ ವಿಷಯ ಎತ್ತಿದ್ದು ಸಾಹುಕಾರರು. ಮೂತ್ರವನ್ನು ಎರಡು ಬಾಟಲಿಗೆ ಹಾಕುತ್ತಾರಂತೆ, ಮೊದಲನೆಯದರಲ್ಲಿ ಏನಾದರೂ ಸಿಕ್ಕಿದರೆ ಎರಡನೆಯದನ್ನು ಒಡೆದು ನೋಡುತ್ತಾರಂತೆ. ಎರಡೂ ಲ್ಯಾಬಿನಲ್ಲೇ ಇರುತ್ತವಂತೆ.

“ಎರಡೂ ಒಬ್ಬನ ಕೈಯಾಗ ಕೊಟ್ಟರ ಅದೆಂಥಾ ನಮೂನಿ ಅಕ್ಕಾರ,” ಎಂದರು ಅವರು.

ನನ್ನ ಮನಸ್ಸಿನಲ್ಲೂ ಅದೇ ಇತ್ತು. “ಒಂದು ಲ್ಯಾಬಿಗೆ ಹೋಗ್ಲಿ. ಇನ್ನೊಂದು ನಮ್ಮ ರಿವಾಜಿನ ಪ್ರಕಾರ. ನಮ್ಮ ಹುಡುಗಂದು ನಿಮ್ಮ ಮನ್ಯಾಗ, ನಿಮ್ಮ ಹುಡುಗಂದು ನಮ್ಮ ಮನ್ಯಾಗ. ಮುದ್ರಿ ಅವರವರದು.”

“ಕಬೂಲ್,” ಎಂದರು.

ತೂಕದ ದಿನ ಹೈದರಾಬಾದಿನ ಒಂದು ಖಾಸಗಿ ಲ್ಯಾಬಿನಿಂದ ಬಂದಿದ್ದ ಯುವಕನಿಗೆ ನಾವು ಈ ಕರಾರು ಹೇಳಿದಾಗ ಅವನು ನಮ್ಮಿಬ್ಬರ ಮುಖವನ್ನೂ ಸರದಿಯಂತೆ ನೋಡಿದ. ಎರಡನೆಯ ಬಾಟಲಿಯೂ ನಮ್ಮ ಬಳಿಯೇ ಇರಬೇಕಮ್ಮಾ ಎಂದು ತೆಲುಗಿನಲ್ಲಿ ಮೆತ್ತಗೆ ಹೇಳಿದ. ನಾವಿಬ್ಬರೂ ನಕ್ಕೆವು. ಲ್ಯಾಬಿನವನೂ ನಮ್ಮಂತೆ ವ್ಯಾಪಾರಸ್ಥನೇ ತಾನೆ, ಯಾರಾದರೂ ಬಂದು ಬಾಟಲಿ ಬದಲು ಮಾಡು ಎಂದರೆ? ಅವನು ಸಮಿತಿಯವರಿಗೆ ಫೋನು ಹಚ್ಚಿದ. ಅವರೂ ಗಡಿಬಿಡಿಯಲ್ಲಿ, ಎರಡೂ ಕಡೆಯವರು ಒಪ್ಪಿದ್ದರೆ ಆಗಲಿ ಎಂದರು. ನಾನು ಮೋಂಬತ್ತಿ ಹಚ್ಚಿ, ಅರಗು ಕರಗಿಸಿ, ನಮ್ಮ ಹುಡುಗನ ಬಾಟಲಿಯ ಮುಚ್ಚಳದ ಮೇಲೆ ಅಂಗಡಿಯ ಮುದ್ರೆ ಒತ್ತಿದೆ. ಸಾಹುಕಾರರು ತಮ್ಮ ಉಂಗುರದ ಮುದ್ರೆ ಒತ್ತಿದರು. ಬಾಟಲಿ ಬದಲಾಯಿಸಿಕೊಂಡೆವು. ನನ್ನ ಸೊಸೆ ಆ ದಿನದಿಂದ ಫ್ರಿಜ್ಜಿನ ಬಾಗಿಲು ಮುಟ್ಟಲಿಲ್ಲ. ಮೊಸರು ಮಡಕೆಗೆ ಹೋಯಿತು, ಮಲ್ಲಿಗೆ ಹೂವು ಒದ್ದೆ ಬಟ್ಟೆಗೆ ಹೋಯಿತು. ಒಂದು ಇಡೀ ಫ್ರಿಜ್ಜು ಗದ್ವಾಲದ ಹುಡುಗನ ಬಾಟಲಿಯೊಂದಕ್ಕೇ ಮೀಸಲಾಯಿತು.

ಪಂದ್ಯ ನಾರಾಯಣಪೇಟೆಯ ಮಾರ್ಕೆಟ್ ಯಾರ್ಡಿನ ಶೆಡ್ಡಿನಲ್ಲಿ ನಡೆಯಿತು. ಶೇಂಗಾ ರಾಶಿ ಹಾಕುವ ಜಾಗದಲ್ಲಿ ರಿಂಗು, ಕಂಬಗಳಿಗೆಲ್ಲ ಗುಲಾಬಿ ಬಣ್ಣದ ಬಟ್ಟೆ. ಏಳನೆಯ ರೌಂಡಿನಲ್ಲಿ ನಮ್ಮವನ ಎಡಗೈ ಗದ್ವಾಲದವನ ಹುಬ್ಬು ಸೀಳಿತು. ಎಂಟನೆಯದರಲ್ಲಿ ಹೊಟ್ಟೆಗೆ ಬಿದ್ದ ಗುದ್ದಿಗೆ ಅವನು ಮಂಡಿಯೂರಿದ, ಎದ್ದ, ಮತ್ತೆ ಕೂತ. ರೆಫರಿ ಎರಡೂ ಕೈ ಬೀಸಿದರು. ಬೆಲ್ಟು ಕಟ್ಟುವಾಗ ಹುಡುಗನ ತುಟಿಗಳು ಒಣಗಿ ಬಿರಿದಿದ್ದವು. ನೀರು ಕುಡಿ ಎಂದೆ. ಎಷ್ಟು ಕುಡಿದರೂ ಸಾಲುತ್ತಿಲ್ಲ ದೊಡ್ಡವ್ವ ಎಂದ. ಗುದ್ದಾಡಿದ ಬಾಯಾರಿಕೆ ಎಂದುಕೊಂಡೆ.

ಕೆಲವು ದಿನಗಳ ಮೇಲೆ ಅಂಗಡಿಯಲ್ಲಿ ಒಬ್ಬ ಹೆಣ್ಣುಮಗಳಿಗೆ ಮದುವೆ ಸೀರೆ ಬಿಚ್ಚಿ ತೋರಿಸುತ್ತಿದ್ದಾಗ ಅಧ್ಯಕ್ಷರ ಫೋನು ಬಂತು. ನಿಮ್ಮ ಹುಡುಗನ ಮೂತ್ರದಲ್ಲಿ ಔಷಧ ಸಿಕ್ಕಿದೆ ಎಂದರು. ಸೀರೆಯ ಸೆರಗು ಕೈಯಲ್ಲೇ ಉಳಿಯಿತು. ಎದುರಿಗಿದ್ದ ಹೆಣ್ಣುಮಗಳು ಬೆಲೆ ಎಷ್ಟೆಂದು ಎರಡು ಸಲ ಕೇಳಿದಳು. ವ್ಯಾಪಾರ ಶುರುಮಾಡಿದಾಗಿನಿಂದ ಬೆಲೆ ಕೇಳಿದವರಿಗೆ ಉತ್ತರ ಕೊಡದೆ ನಿಂತದ್ದು ಅದೇ ಮೊದಲು. ಅಧ್ಯಕ್ಷರು ಮುಂದುವರಿಸಿದರು. ಸಿಕ್ಕಿದ್ದು ಶಕ್ತಿಯ ಔಷಧವಲ್ಲ, ಮೈಯ ನೀರು ಇಳಿಸುವ ಗುಳಿಗೆ. ತೂಕ ಇಳಿಸಲಿಕ್ಕೂ ಬೇರೆ ಔಷಧದ ಗುರುತು ತೊಳೆಯಲಿಕ್ಕೂ ಅದನ್ನು ಬಳಸುತ್ತಾರೆ, ಹಾಗಾಗಿ ಅದೂ ನಿಷೇಧ. ಬೇಕಾದರೆ ಎರಡನೆಯ ಬಾಟಲಿ ಒಡೆಸಬಹುದು, ನಾಳೆಯೇ ಕಳಿಸಿ ಎಂದರು.

ಅದು ಗದ್ವಾಲದಲ್ಲಿದೆ ಎಂದೆ. ಗದ್ವಾಲದಲ್ಲಿ ಎಲ್ಲಿ ಎಂದರು. ಎದುರಾಳಿಯ ಸೋದರಮಾವನ ಮನೆಯಲ್ಲಿ ಎಂದೆ.

ಲ್ಯಾಬಿನ ಯುವಕ ಫೋನಿನಲ್ಲಿ ಕೇಳಿದಾಗ ಅಧ್ಯಕ್ಷರು ಏನು ಅರ್ಥಮಾಡಿಕೊಂಡಿದ್ದರೋ, ಮತ್ತೆ ಮೊದಲಿಂದ ಬಿಡಿಸಿ ಹೇಳಿ ಎಂದರು. ಹೇಳಿದೆ. ಕೊನೆಗೆ ಅವರು ಹೇಳಿದ್ದು ಇಷ್ಟು: ಲ್ಯಾಬಿನ ಕೈತಪ್ಪಿ ಎದುರಾಳಿಯ ಮನೆಯಲ್ಲಿದ್ದ ಬಾಟಲಿಗೆ ಕಿಮ್ಮತ್ತಿಲ್ಲ. ನಿಮ್ಮ ಹುಡುಗನಿಗೆ ಎರಡನೆಯ ಪರೀಕ್ಷೆಯ ಹಕ್ಕೇ ಉಳಿಯಲಿಲ್ಲ. ಆ ಹಕ್ಕು ಇಲ್ಲದ ಪರೀಕ್ಷೆ ನಿಲ್ಲುವುದೂ ಇಲ್ಲ. ಬಾಟಲಿ ತನ್ನ ಬಳಿ ಇತ್ತೆಂದು ಸಾಹುಕಾರ ಸಮಿತಿಯ ಮುಂದೆ ಬಂದು ಒಪ್ಪಿದರೆ ಇಡೀ ಪರೀಕ್ಷೆ ರದ್ದಾಗುತ್ತದೆ, ಬೆಲ್ಟು ಹುಡುಗನಿಗೇ ಉಳಿಯುತ್ತದೆ.

ಆ ಮಾತು ಮುಗಿಯುವ ಹೊತ್ತಿಗೆ ನನ್ನ ತಲೆ ಮತ್ತೆ ಓಡತೊಡಗಿತ್ತು. ಹೋದ ಮಾಲು ತಾನಾಗಿ ಮನೆಗೆ ವಾಪಸು ಬರುವ ದಾರಿ ಕಾಣಿಸಿದ ಹಾಗೆ.

ನೇರ ಮಕ್ತಲ್‌ಗೆ ಹೋದೆ. ನನಗೆ ಗದ್ವಾಲದವರ ಮೇಲೆಯೇ ಅನುಮಾನ. ಬಾಟಲಿ ಮುಟ್ಟದಿದ್ದರೂ ತೂಕದ ದಿನ ಹುಡುಗ ಕುಡಿದ ನೀರಿಗೆ ಏನಾದರೂ ಹಾಕಿಸಿದರೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಅಡುಗೆಮನೆಯಲ್ಲಿ ತಂಗಿ ಹಿಟ್ಟು ನಾದುತ್ತಿದ್ದಳು. ಹುಡುಗ ಹೊಸ್ತಿಲ ಬಳಿ ಕೂತಿದ್ದ. ನೀರು ಇಳಿಸುವ ಗುಳಿಗೆಯಂತೆ ಎಂದು ನಾನು ಹೇಳುತ್ತಿದ್ದಂತೆ ತಂಗಿಯ ಕೈ ನಿಂತಿತು.

“ಕಾಲು ಬಾಯುತಾವಂತ ಡಾಕ್ಟ್ರು ನನಗ ಕೊಟ್ಟಾರಲ್ಲಕ್ಕ, ಅದ ಏನು?” ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ತೂಕದ ಹಿಂದಿನ ಎರಡು ದಿನ ಹುಡುಗನ ತೂಕ ಇಳಿಯಲೇ ಇಲ್ಲ. ಊಟ ಬಿಟ್ಟ, ನೀರು ಬಿಟ್ಟ, ಬಿಸಿಲಲ್ಲಿ ಕಂಬಳಿ ಹೊದ್ದು ಓಡಿದ. ತಕ್ಕಡಿಯ ಮುಳ್ಳು ಸ್ವಲ್ಪ ಮೇಲೆಯೇ ನಿಂತಿತ್ತು. ಮಗ ಅಳುವುದೊಂದು ಬಾಕಿ. ಇವಳು ತನ್ನ ಕಾಲಿನ ಬಾವು ಇಳಿಯುವುದನ್ನು ನೋಡಿದವಳು. ನೀರು ಹೋದರೆ ತೂಕ ಹೋಗುತ್ತದೆಂದು ತನ್ನ ಗುಳಿಗೆಯನ್ನು ಚಹಾದ ಜೊತೆ ಕೊಟ್ಟಿದ್ದಳು.

“ಅದು ಶಕ್ತಿ ಕೊಡೂದಲ್ಲಲ್ಲ ದೊಡ್ಡವ್ವ,” ಎಂದ ಹುಡುಗ. “ಇದ್ದ ಶಕ್ತೀನೂ ಕಸಗೊಂತು. ಅದನ್ನ ಯಾರು ಲೆಕ್ಕಕ್ಕ ಹಿಡೀತಾರಂತ ಬಿಟ್ಟೆ.”

ಸೂಜಿ ಚುಚ್ಚಿಸಿಕೊಂಡಿದ್ದರೆ ಬೈಯಬಹುದಿತ್ತು. ಗದ್ವಾಲದವರು ವಿಷ ಹಾಕಿಸಿದ್ದರೆ ಬೀದಿಗಿಳಿದು ಜಗಳ ತೆಗೆಯಬಹುದಿತ್ತು. ನನ್ನ ಎದುರಿಗಿದ್ದದ್ದು ಹಿಟ್ಟಿನ ಕೈಯ ತಂಗಿ ಮತ್ತು ಚಹಾ ಡಬ್ಬಿಯ ಪಕ್ಕದಲ್ಲಿ ಅರ್ಧ ಖಾಲಿಯಾದ ಗುಳಿಗೆಯ ಹಾಳೆ. ಹುಡುಗ ಒಂದೇ ಮಾತು ಹೇಳಿದ: ಅವ್ವನ ಹೆಸರು ಎಲ್ಲೂ ಬರಬಾರದು. ಬರುವುದಿಲ್ಲ, ಪರೀಕ್ಷೆಯೇ ಇಲ್ಲದ ಹಾಗೆ ಮಾಡಿಕೊಂಡು ಬರುತ್ತೇನೆ ಎಂದು ಹೊರಟೆ.

ಗದ್ವಾಲದ ಸಾಹುಕಾರರು ನನ್ನನ್ನು ಐಜ ರಸ್ತೆಯ ಒಂದು ಕೂಲ್‌ಡ್ರಿಂಕ್ಸ್ ಅಂಗಡಿಗೆ ಕರೆದುಕೊಂಡು ಹೋದರು. ಅವರ ತಾಯಿ, ದೇವರ ಹಾಲು ಇಡುವ ಫ್ರಿಜ್ಜಿನಲ್ಲಿ ಇನ್ನೊಬ್ಬರ ಉಚ್ಚೆ ಇಡಲು ಒಪ್ಪಿರಲಿಲ್ಲವಂತೆ. ಹಾಗಾಗಿ ಬಾಟಲಿ ಸಂಬಂಧಿಕರ ಅಂಗಡಿಯ ಐಸ್‌ಕ್ರೀಮ್ ಪೆಟ್ಟಿಗೆಯ ತಳದಲ್ಲಿತ್ತು. ಕರೆಂಟು ಹೋದಾಗಲೆಲ್ಲ ಐಸು ತರಿಸಿ ಸುರಿಸಿದ್ದರು. ಪ್ಲಾಸ್ಟಿಕ್ ಚೀಲ ಬಿಚ್ಚಿ, ಹಿಮ ಒರೆಸಿ, ನನ್ನ ಮುದ್ರೆ ತೋರಿಸಿದರು. ಒಂದು ಬಿರುಕೂ ಇರಲಿಲ್ಲ.

“ನಿಮ್ಮ ಅಮಾನತ್ತು. ನೋಡ್ಕೊಳ್ರಿ,” ಎಂದರು.

ಅಂಗಡಿಯ ಬೆಂಚಿನ ಮೇಲೆ ಅವರ ಅಕ್ಕನ ಮಗ ಕೂತಿದ್ದ. ಹುಬ್ಬಿನ ಮೇಲೆ ಹೊಲಿಗೆಯ ದಾರ ಇನ್ನೂ ಇತ್ತು. ಗುಳಿಗೆ ಸಿಕ್ಕ ಸುದ್ದಿ ಸಮಿತಿಯಿಂದ ಅವರಿಗೂ ಮುಟ್ಟಿತ್ತು. ನಾನು ವಿಷಯಕ್ಕೆ ಬಂದೆ. ಬಾಟಲಿ ನಿಮ್ಮ ಬಳಿ ಇತ್ತೆಂದು ಸಮಿತಿಯ ಮುಂದೆ ಹೇಳಬೇಕು ಎಂದೆ. ಅದಕ್ಕೆ ಅವರೇನು ಕೇಳಬಹುದು, ನಾನು ಎಲ್ಲಿಯವರೆಗೆ ಹೋಗಬಹುದು ಎಂದು ಬಸ್ಸಿನಲ್ಲೇ ಯೋಚಿಸಿ ಇಟ್ಟುಕೊಂಡಿದ್ದೆ. ಮರುಪಂದ್ಯ ಕೇಳಿಯಾರು, ವರ್ಷವಿಡೀ ಸೀರೆ ನಮ್ಮಲ್ಲೇ ಎತ್ತಿ ಎಂದಾರು.

ಸಾಹುಕಾರರು ಬಾಟಲಿಯನ್ನು ಮತ್ತೆ ಚೀಲದಲ್ಲಿ ಸುತ್ತಿದರು. “ನಾ ಹಂಗಂದ್ರ ಪರೀಕ್ಷಾ ರದ್ದಾಗ್ತೈತಿ. ಬೆಲ್ಟು ನಿಮಗ.”

“ಹೌದ್ರಿ.”

“ಹೇಳ್ತೀನಿ. ಇದ್ದದ್ದು ಇತ್ತು ಅನ್ನಾಕ ಏನ್ ತಗೊಳ್ಳೋದು.”

ಏನನ್ನೂ ಕೇಳಲಿಲ್ಲ. ಅಷ್ಟು ವರ್ಷದ ವ್ಯವಹಾರದಲ್ಲಿ ಆ ಮನುಷ್ಯ ಒಂದು ಸೀರೆಯ ಮಡಿಕೆಯನ್ನೂ ಸುಮ್ಮನೆ ಬಿಟ್ಟವರಲ್ಲ. ಎದ್ದು ಹೊರಡುವವಳಿದ್ದೆ. ಆಗ ಬೆಂಚಿನ ಮೇಲಿದ್ದ ಹುಡುಗ ಮಾತಾಡಿದ.

“ಬೆಲ್ಟು ಇಟ್ಕೊಳ್ಳಲಿ ದೊಡ್ಡಮ್ಮ. ನನಗ ಒಂದ ತಿಳೀಬೇಕು. ನಾ ಬಿದ್ದದ್ದು ಅವನ ಕೈಗೋ, ಆ ಗುಳಿಗಿಗೋ? ಅದು ತಿಳೀಲಿಲ್ಲಾಂದ್ರ ನಾ ಹೆಂಗ ಮತ್ತ ರಿಂಗ್ ಹತ್ತೋದು?”

ಸಾಹುಕಾರರು ಅವನನ್ನು ಗದರಲಿಲ್ಲ, ನನ್ನನ್ನೂ ಒತ್ತಾಯಿಸಲಿಲ್ಲ. ಒಂದು ಸೋಡಾ ಒಡೆಸಿ ನನ್ನ ಮುಂದಿಟ್ಟರು. ಕುಡಿಯದೆ ಬಂದೆ.

ಮಕ್ತಲ್‌ಗೆ ಬಂದು, ಕೆಲಸ ಆಯಿತು, ಸಾಹುಕಾರರು ಹೇಳುತ್ತಾರೆ ಎಂದಷ್ಟೇ ತಿಳಿಸಿದೆ. ತಂಗಿ ಕೈ ಮುಗಿದಳು. ಹುಡುಗ ಮಾತ್ರ, ಅವನೂ ಅಲ್ಲಿದ್ದನೇ, ಏನಂದ ಎಂದು ಕೇಳಿದ. ಏನೂ ಇಲ್ಲ ಎಂದೆ. ಏನೂ ಅನ್ನದಿರುವವನಲ್ಲ ಅವನು, ನನಗೆ ಗೊತ್ತು, ಹೇಳು ಎಂದು ಬೆನ್ನು ಹತ್ತಿದ. ಇಬ್ಬರೂ ಪರಸ್ಪರ ಬೈದುಕೊಂಡೇ ಒಬ್ಬರನ್ನೊಬ್ಬರು ಅಷ್ಟು ಬಲ್ಲವರಾಗಿದ್ದರು. ಹೇಳಿದೆ. ಕೇಳಿಸಿಕೊಂಡು ಅವನು ಎದ್ದು ಶೆಡ್ಡಿಗೆ ಹೋದ. ಚೀಲ ಗುದ್ದುವ ಸದ್ದು ಬರಬಹುದೆಂದು ಕಾದೆ. ಬರಲಿಲ್ಲ.

ಸಮಿತಿಯ ಮುಂದೆ ಹೋಗುವ ದಿನ ತಂಗಿಯೂ ಬರುತ್ತೇನೆಂದಳು. ಕಾಲು ಬಾತಿವೆ, ಬೇಡ ಎಂದರೂ ಕೇಳಲಿಲ್ಲ. ಜಿಮ್ಮಿನ ಮಹಡಿಯ ಮೆಟ್ಟಿಲುಗಳನ್ನು ಗೋಡೆ ಹಿಡಿದು ಹತ್ತಿದಳು. ಕೋಣೆಯಲ್ಲಿ ಅಧ್ಯಕ್ಷರು ಮತ್ತು ಅವರ ಇಬ್ಬರು ಜೊತೆಗಾರರು. ಒಂದು ಕಡೆ ಗದ್ವಾಲದವರು, ಒಂದು ಕಡೆ ನಾವು. ಅಧ್ಯಕ್ಷರು ಸಾಹುಕಾರರನ್ನು ಕೇಳಿದರು. ಅವರು ಎದ್ದು ನಿಂತು, ಬಾಟಲಿ ನನ್ನ ಜಿಮ್ಮೆಯಲ್ಲಿತ್ತು, ಇಂಥ ಅಂಗಡಿಯಲ್ಲಿ ಇಟ್ಟಿದ್ದೆ ಎಂದು ಒಂದು ಅಕ್ಷರ ಹೆಚ್ಚು ಕಡಿಮೆ ಮಾಡದೆ ಹೇಳಿ ಕೂತರು. ಅಧ್ಯಕ್ಷರು ಜೊತೆಗಾರರ ಕಡೆ ತಿರುಗಿ, ಹಾಗಾದರೆ ಈ ಪರೀಕ್ಷೆ ನಿಲ್ಲುವುದಿಲ್ಲ ಎಂದರು. ನಾನು ತಂಗಿಯ ಕೈ ಹಿಡಿದುಕೊಂಡೆ. ಮುಗಿದಿತ್ತು. ಬೆಲ್ಟು ನಮ್ಮದೇ ಆಗಿತ್ತು.

ಹುಡುಗ ಎದ್ದ.

“ಪರೀಕ್ಷಾ ನಿಂದರಲಿ ಬಿಡಲಿ ಸರ್. ಗುಳಿಗಿ ನಾ ತಗೊಂಡೀನಿ.” ಆಮೇಲೆ ಎದುರಿನ ಸಾಲಿನ ಕಡೆ ತಿರುಗಿದ. “ಗುದ್ದಿದ ಕೈ ನಂದ. ಆದ್ರ ತೂಕ ನಂದಾಗಿದ್ದಿಲ್ಲ. ಆ ತೂಕಕ್ಕ ನಾ ಇಳಿಬಾರದಿತ್ತು.”

ಗುಳಿಗೆ ಯಾರು ಕೊಟ್ಟರು ಎಂದು ಅಧ್ಯಕ್ಷರು ಕೇಳಿದರು. ಮನೆಯಲ್ಲಿತ್ತು, ತೆಗೆದುಕೊಂಡೆ ಎಂದ. ಯಾರಾದರೂ ಕೋಚು ಕೊಟ್ಟರೋ, ದೊಡ್ಡಮ್ಮ ಕೊಟ್ಟರೋ ಎಂದು ಮತ್ತೆ ಕೇಳಿದರು. ಇಲ್ಲ ಎಂದ. ನನ್ನ ಕೈಯೊಳಗಿದ್ದ ತಂಗಿಯ ಕೈ ಬಿಡಿಸಿಕೊಂಡಿತು. ಜನರ ಎದುರು ಸೆರಗು ಸರಿಮಾಡಿಕೊಳ್ಳಲೂ ನಾಚುವ ಹೆಣ್ಣು ಅವಳು.

“ನಾ ಕೊಟ್ಟೀನ್ರಿ,” ಎಂದಳು ಕನ್ನಡದಲ್ಲೇ. ಅಧ್ಯಕ್ಷರಿಗೆ ತಿಳಿಯಲಿಲ್ಲ. ಸಾಹುಕಾರರು ತಗ್ಗಿದ ದನಿಯಲ್ಲಿ ತೆಲುಗು ಮಾಡಿ ಹೇಳಿದರು. ಅವಳು ಸೀರೆಯ ನೆರಿಗೆ ಸ್ವಲ್ಪ ಎತ್ತಿ, ಬಾತ ಪಾದ ತೋರಿಸಿದಳು. “ಇದಕ್ಕ ಕೊಟ್ಟಿದ್ರು. ಮಗಗ ಕೊಟ್ಟೆ. ಅವಗೇನೂ ತಿಳೀದ್ರಿ.”

ಪರೀಕ್ಷೆ ಇಲ್ಲದ ಹಾಗೆ ಮಾಡಿಕೊಂಡು ಬಂದಿದ್ದೆ. ನನ್ನ ಮನೆಯ ಇಬ್ಬರೇ ಒಬ್ಬರ ಹಿಂದೆ ಒಬ್ಬರು ಎದ್ದು ಅದನ್ನು ಮತ್ತೆ ನಿಲ್ಲಿಸಿದರು.

ಬೆಲ್ಟು ವಾಪಸು ಪಡೆದರು. ಗದ್ವಾಲದವನಿಗೂ ಕೊಡಲಿಲ್ಲ, ಪಂದ್ಯವೇ ಲೆಕ್ಕಕ್ಕಿಲ್ಲ ಎಂದರು. ತಾನಾಗಿ ಒಪ್ಪಿದ್ದಕ್ಕೆ ಹುಡುಗನಿಗೆ ಒಂದು ವರ್ಷ ಮಾತ್ರ ಆಟವಿಲ್ಲ, ಲೈಸೆನ್ಸು ಉಳಿಯುತ್ತದೆ ಎಂದರು. ಸುಳ್ಳು ಸಾಧಿಸಿ ಮುಂದೆ ಸಿಕ್ಕಿಬಿದ್ದಿದ್ದರೆ ಲೈಸೆನ್ಸೇ ಹೋಗುತ್ತಿತ್ತೆಂದು ಆಮೇಲೆ ಒಬ್ಬರು ಹೇಳಿದರು. ಮೆಟ್ಟಿಲು ಇಳಿಯುವಾಗ ತಂಗಿಯ ಒಂದು ತೋಳನ್ನು ನಮ್ಮ ಹುಡುಗ ಹಿಡಿದಿದ್ದ. ಇನ್ನೊಂದನ್ನು ಗದ್ವಾಲದವನು ಹಿಡಿದ. ಕೆಳಗೆ ಬಂದ ಮೇಲೆ ಗದ್ವಾಲದವನು, ವರ್ಷ ಕಳೆಯಲಿ, ನಿನ್ನ ಖರೇ ತೂಕಕ್ಕೆ ನಾನೇ ಏರಿ ಬರುತ್ತೇನೆ ಎಂದ. ನಮ್ಮವನು ತಲೆ ಆಡಿಸಿದ.

ಈಗ ಮಕ್ಕಳನ್ನು ಇಂಥ ಆಟಕ್ಕೆ ಹಾಕಿದವರಿಗೆ, ಬಾಕ್ಸಿಂಗಿರಲಿ ಕುಸ್ತಿಯಿರಲಿ ಓಟವಿರಲಿ, ನಾನು ಹೇಳುವುದು ಕೇಳಿ. ಪರೀಕ್ಷೆಯ ಶರತ್ತಿನಲ್ಲಿ ಚೌಕಾಸಿ ಮಾಡಬೇಡಿ. ಎದುರಿನವರು ಎಷ್ಟು ಕೇಳುತ್ತಾರೋ ಅಷ್ಟಕ್ಕೂ ಹೂಂ ಅನ್ನಿ, ಇನ್ನೂ ಎರಡು ಹೆಚ್ಚು ಕೇಳಿ. ಪರೀಕ್ಷೆ ಹೆಚ್ಚಿದಷ್ಟೂ ನಿಮ್ಮ ಮಗುವಿಗೆ ತಿಳಿವಳಿಕೆ ಹೆಚ್ಚುತ್ತದೆ. ಎರಡೂ ಬಾಟಲಿ ಲ್ಯಾಬಿನವರ ಕೈಯಲ್ಲೇ ಬಿಡಿ, ನಂಬಿಕೆ ಇಲ್ಲದಿದ್ದರೆ ಲ್ಯಾಬು ಬದಲಾಯಿಸಿ, ಬಾಟಲಿ ಮನೆಗೆ ತರಬೇಡಿ. 'ಔಷಧ ತಗೊಂಡೆಯಾ' ಎಂದು ಮಗುವನ್ನು ಆಣೆ ಹಾಕಿಸಿ ಕೇಳುವುದರಿಂದ ಏನೂ ಆಗುವುದಿಲ್ಲ. 'ಈ ವಾರ ಬಾಯಿಗೆ ಏನೇನು ಹೋಯಿತು' ಎಂದು ಕೇಳಿ. ಪಂದ್ಯ ಗೊತ್ತಾದ ದಿನವೇ ಮನೆಯಲ್ಲಿರುವ ಎಲ್ಲ ಗುಳಿಗೆ, ಕೆಮ್ಮಿನ ಸಿರಪ್ಪು, ಅಜ್ಜಿಯ ಲೇಹ್ಯ, ಸೊಸೆಯ ತಲೆನೋವಿನ ಮಾತ್ರೆ ಸಹಿತ ಒಂದು ಚೀಲಕ್ಕೆ ಹಾಕಿಕೊಂಡು ಆಟಗಾರರನ್ನು ನೋಡಿ ಬಲ್ಲ ಡಾಕ್ಟರ ಬಳಿ ಹೋಗಿ, ಒಂದೊಂದನ್ನೇ ಮುಂದಿಟ್ಟು ಕೇಳಿ. ತೂಕ ಇಳಿಯದಿದ್ದರೆ ಒಂದು ವರ್ಗ ಮೇಲೆ ಆಡಿಸಿ, ಸೋತರೂ ಪರವಾಗಿಲ್ಲ. ಗುಳಿಗೆಯ ವಿಷಯ ಮೆಡಿಕಲ್ ಅಂಗಡಿಯವನನ್ನು ಮಾತ್ರ ಕೇಳಬೇಡಿ. ಅವನೂ ನನ್ನ ಹಾಗೆ ಮಾರಲು ಕೂತವನು, ಕೊಳ್ಳಬೇಡ ಎಂದು ಅವನ ಬಾಯಲ್ಲಿ ಬರುವುದು ಕಷ್ಟ.